ಏಳರಲ್ಲಿ ಹೆದರಬೇಡಿ, ಒಂಬತ್ತರಲ್ಲಿ ಮರೆಯಬೇಡಿ

‘ಡಾಕ್ಟ್ರೇ, ಕೂಸು ಉಲ್ಟಾ ಐತಂತೆ. ಸ್ಕ್ಯಾನಿಂಗ್‌ನಾಗೆ ಬರ್ದವ್ರೆ. ಇನ್ನು ಆಪರೇಷನ್ನೇ ಗತಿ ಅಂತಾರಲ್ಲ, ಹೌದಾ?’

ಅಜ್ಜಂಪುರದ ಕಡೆಯ ಹಳ್ಳಿಯೊಂದರಿಂದ ಸೊಸೆಯನ್ನು ಕರೆದುಕೊಂಡು ಬಂದಿದ್ದ ಅತ್ತೆಯೊಬ್ಬರ ಪ್ರಶ್ನೆ ಇದು. ಸೊಸೆಗೆ ಆಗ ಏಳನೇ ತಿಂಗಳು, ಚೊಚ್ಚಲು ಬಸಿರು. ಸ್ಕ್ಯಾನಿಂಗ್ ವರದಿಯಲ್ಲಿ ‘ಬ್ರೀಚ್’ ಎಂಬ ಒಂದು ಪದವಿತ್ತು. ಆ ಪದ ಕಿವಿಗೆ ಬಿದ್ದ ದಿನದಿಂದ ಹುಡುಗಿಗೆ ಊಟ ಸೇರುತ್ತಿಲ್ಲ, ನಿದ್ದೆ ಬರುತ್ತಿಲ್ಲ. ಹೊಟ್ಟೆ ನೀವಿ ಮಗುವನ್ನು ಸರಿ ಮಾಡುವವರಿದ್ದಾರೆ ಎಂದು ನೆರೆಯವರು ಹೇಳಿದ್ದರು. ಇನ್ನೊಂದು ಸ್ಕ್ಯಾನಿಂಗ್ ಮಾಡಿಸೋಣ ಎಂದು ಗಂಡ ಓಡಾಡುತ್ತಿದ್ದ.

‘ಅವ್ವಾ, ಇದು ಈಗ ಹೆದರುವ ವಿಷಯವಲ್ಲ. ಹೊಟ್ಟೆ ನೀವಿಸಬೇಡಿ. ಎಂಟು ತುಂಬಿ ಒಂಬತ್ತಕ್ಕೆ ಬಿದ್ದ ಮೇಲೆ ಮಾತ್ರ ತಪ್ಪದೆ ಕರೆದುಕೊಂಡು ಬನ್ನಿ’ ಎಂದು ಹೇಳಿ ಕಳಿಸಿದೆ. ಅವರು ಮಾತಿಗೆ ತಕ್ಕಂತೆ ಬಂದರು. ಅಷ್ಟರಲ್ಲಿ ಮಗು ತಾನಾಗಿಯೇ ತಲೆ ಕೆಳಗೆ ಮಾಡಿಕೊಂಡಿತ್ತು. ಹೆರಿಗೆ ಸಹಜವಾಗಿಯೇ ಆಯಿತು.

ಕಡೂರು, ತರೀಕೆರೆ, ಅಜ್ಜಂಪುರದ ಕಡೆಯಿಂದ ಬರುವ ಗರ್ಭಿಣಿಯರಲ್ಲಿ ಈ ಆತಂಕವನ್ನು ನಾನು ಮತ್ತೆ ಮತ್ತೆ ಕಾಣುತ್ತೇನೆ. ಹೆದರಬೇಕಾಗಿಲ್ಲದ ಕಾಲದಲ್ಲಿ ಮನೆಮಂದಿಯೆಲ್ಲ ಹೆದರುತ್ತಾರೆ. ನಿಜವಾಗಿ ವಿಚಾರಿಸಬೇಕಾದ ಕಾಲ ಬಂದಾಗ ವಿಷಯ ಮರೆತೇ ಹೋಗಿರುತ್ತದೆ.

ಮಗು ತಿರುಗುವುದು ಯಾವಾಗ?

ಗರ್ಭಕೋಶವನ್ನು ಬಾಯಿ ಕೆಳಗೆ ಮಾಡಿ ಹಿಡಿದ ಬಿಂದಿಗೆಯಂತೆ ಊಹಿಸಿಕೊಳ್ಳಿ. ಮೇಲೆ ಅಗಲ, ಕೆಳಗೆ ಕಿರಿದು. ಆರೇಳು ತಿಂಗಳವರೆಗೆ ಮಗು ಚಿಕ್ಕದು, ಸುತ್ತಲೂ ಬೇಕಾದಷ್ಟು ನೀರು. ಬಾವಿಯಲ್ಲಿ ಈಜುವ ಹುಡುಗನಂತೆ ಅದು ದಿನಕ್ಕೆ ಹಲವು ಬಾರಿ ಮೇಲೆ ಕೆಳಗೆ ತಿರುಗುತ್ತಲೇ ಇರುತ್ತದೆ. ತಿಂಗಳು ತುಂಬುತ್ತಾ ಬಂದಂತೆ ಜಾಗ ಸಾಲದಾಗುತ್ತದೆ. ಮಡಚಿದ ಕಾಲು ಮತ್ತು ಕುಂಡೆಗೆ ಹೆಚ್ಚು ಜಾಗ ಬೇಕಾದ್ದರಿಂದ ಅವು ಅಗಲವಾದ ಮೇಲ್ಭಾಗಕ್ಕೆ ಸೇರುತ್ತವೆ. ತಲೆ ಕೆಳಗಿನ ಕಿರಿದಾದ ಭಾಗಕ್ಕೆ ಹೊಂದಿಕೊಳ್ಳುತ್ತದೆ.

28 ವಾರಗಳಲ್ಲಿ, ಎಂದರೆ ಏಳನೇ ತಿಂಗಳಿನಲ್ಲಿ, ಹೆಚ್ಚು ಕಡಿಮೆ ನಾಲ್ಕೈದು ಗರ್ಭಿಣಿಯರಲ್ಲಿ ಒಬ್ಬರಿಗೆ ಮಗುವಿನ ಕುಂಡೆ ಕೆಳಗಿರುತ್ತದೆ. ದಿನ ತುಂಬುವ ಹೊತ್ತಿಗೆ ಹಾಗೆ ಉಳಿಯುವುದು ನೂರರಲ್ಲಿ ಮೂರು ನಾಲ್ಕು ಮಾತ್ರ. ಉಳಿದವು ಯಾರ ನೆರವೂ ಇಲ್ಲದೆ ತಿರುಗಿರುತ್ತವೆ. ಆದ್ದರಿಂದ ಏಳನೇ ತಿಂಗಳ ವರದಿಯಲ್ಲಿ ಬ್ರೀಚ್ ಎಂದಿದ್ದರೆ ಅದು ಕಾಯಿಲೆಯ ಹೆಸರಲ್ಲ, ಸಿಸೇರಿಯನ್‌ಗೆ ಬರೆದ ಚೀಟಿಯೂ ಅಲ್ಲ. ಸ್ಕ್ಯಾನಿಂಗ್ ಹೇಳುವುದು ಆ ಹೊತ್ತಿನ ಮಾತು ಮಾತ್ರ.

ಇದು ತಾಯಿಯ ತಪ್ಪೇ?

ಖಂಡಿತ ಅಲ್ಲ. ಮಗ್ಗುಲು ಬದಲಿಸುವಾಗ ಎದ್ದು ಕುಳಿತು ಆಮೇಲೆ ತಿರುಗಬೇಕು, ಇಲ್ಲವಾದರೆ ಮಗು ಅಡ್ಡ ಬೀಳುತ್ತದೆ, ಕರುಳು ಸುತ್ತಿಕೊಳ್ಳುತ್ತದೆ ಎಂದು ಹಿರಿಯರು ಹೇಳುತ್ತಾರೆ. ಮಲಗಿದಲ್ಲೇ ಹೊರಳಿದರೆ ಯಾವ ತೊಂದರೆಯೂ ಇಲ್ಲ. ಬಿಂದಿಗೆ ಎತ್ತಿದ್ದು, ನೆಲ ಸಾರಿಸಿದ್ದು, ಬಸ್ಸಿನಲ್ಲಿ ಓಡಾಡಿದ್ದು ಇವು ಯಾವುವೂ ಮಗುವನ್ನು ಉಲ್ಟಾ ಮಾಡುವುದಿಲ್ಲ.

ಅವಳಿ ಮಕ್ಕಳು, ಗರ್ಭಕೋಶದಲ್ಲಿ ನೀರು ಹೆಚ್ಚಾಗಿ ಅಥವಾ ಕಡಿಮೆಯಾಗಿ ಇರುವುದು, ಮಾಸು ಕೆಳಗಿರುವುದು, ಗಡ್ಡೆ, ಗರ್ಭಕೋಶದ ಹುಟ್ಟಿನ ಆಕಾರವೇ ಬೇರೆಯಾಗಿರುವುದು, ದಿನ ತುಂಬುವ ಮುನ್ನವೇ ನೋವು ಬರುವುದು ಇವು ತಿಳಿದಿರುವ ಕಾರಣಗಳು. ಹಲವು ಹೆರಿಗೆಯಾಗಿ ಹೊಟ್ಟೆಯ ಸ್ನಾಯು ಸಡಿಲವಾದವರಲ್ಲಿ ಮಗು ಅಡ್ಡ ಮಲಗುವುದು ಹೆಚ್ಚು. ಎಷ್ಟೋ ಸಲ ಯಾವ ಕಾರಣವೂ ಸಿಗುವುದಿಲ್ಲ. ‘ನೀನು ಹಾಗೆ ಕೂತೆ, ಹೀಗೆ ಮಲಗಿದೆ’ ಎಂದು ಸೊಸೆಯನ್ನು ದೂರುವುದರಲ್ಲಿ ಅರ್ಥವಿಲ್ಲ.

ನಾನು ಕಲಿತ ಪಾಠ

ಈಗ ಇನ್ನೊಂದು ಪ್ರಸಂಗ ಹೇಳಬೇಕು. ಹಲವು ವರ್ಷಗಳ ಹಿಂದಿನದು. ಆಕೆಯದು ಎರಡನೇ ಬಸಿರು. ಏಳನೇ ತಿಂಗಳ ಸ್ಕ್ಯಾನಿಂಗ್‌ನಲ್ಲಿ ಮಗುವಿನ ತಲೆ ಕೆಳಗೇ ಇತ್ತು. ಮನೆಯವರು ನಿಶ್ಚಿಂತರಾಗಿ ತವರಿಗೆ ಕಳಿಸಿದ್ದರು. ಒಂಬತ್ತನೇ ತಿಂಗಳಲ್ಲಿ ನೆಗಡಿ, ಜ್ವರ ಎಂದು ನನ್ನ ಬಳಿ ಬಂದಳು. ನಾನು ನಾಡಿ ನೋಡಿದೆ, ರಕ್ತದೊತ್ತಡ ನೋಡಿದೆ, ಹಳೆಯ ವರದಿಯ ಮೇಲೆ ಕಣ್ಣಾಡಿಸಿದೆ, ಔಷಧಿ ಬರೆದುಕೊಟ್ಟೆ. ಹೊಟ್ಟೆಯ ಮೇಲೆ ಕೈ ಇಟ್ಟು ನೋಡಲಿಲ್ಲ.

ಎರಡು ವಾರದ ನಂತರ ಒಂದು ರಾತ್ರಿ ಆಕೆಗೆ ನೀರು ಒಡೆಯಿತು. ಮಗು ಅಡ್ಡ ಮಲಗಿತ್ತು. ನೀರಿನ ಜೊತೆಗೆ ಹೊಕ್ಕುಳ ಬಳ್ಳಿ ಜಾರಿ ಬಂದಿತ್ತು. ಆಟೋದಲ್ಲಿ ಕೂರಿಸಿಕೊಂಡು ಒಂದು ಆಸ್ಪತ್ರೆಗೆ ಹೋದರು, ಅಲ್ಲಿಂದ ಇನ್ನೊಂದಕ್ಕೆ ಕಳಿಸಿದರು. ಶಸ್ತ್ರಚಿಕಿತ್ಸೆಯಿಂದ ತಾಯಿ ಉಳಿದಳು. ಮಗು ಉಳಿಯಲಿಲ್ಲ.

ಅಂದು ನಾನು ಎರಡು ನಿಮಿಷ ಹೊಟ್ಟೆ ಮುಟ್ಟಿ ನೋಡಿದ್ದರೆ ತಿಳಿಯುತ್ತಿತ್ತೇನೋ ಎಂಬ ಕೊರಗು ಇಂದಿಗೂ ಇದೆ. ಅಂದಿನಿಂದ, ಎಂಟು ತಿಂಗಳು ದಾಟಿದ ಗರ್ಭಿಣಿ ಕೆಮ್ಮೆಂದು ಬಂದರೂ, ಹಲ್ಲುನೋವೆಂದು ಬಂದರೂ, ಹೊಟ್ಟೆ ನೋಡದೆ ಕಳಿಸುವುದಿಲ್ಲ.

ತವರಿನ ಹಾದಿಯಲ್ಲಿ ತಪ್ಪುವ ತಪಾಸಣೆ

ಆ ಪ್ರಸಂಗದಲ್ಲಿ ತಪ್ಪಿದ್ದು ಎಲ್ಲಿ? ನಮ್ಮಲ್ಲಿ ಸೀಮಂತ ಮುಗಿಸಿ ಹುಡುಗಿಯನ್ನು ತವರಿಗೆ ಕರೆದೊಯ್ಯುವುದು ಏಳನೆಯ ಅಥವಾ ಒಂಬತ್ತನೆಯ ತಿಂಗಳಿನಲ್ಲಿ. ಗಂಡನ ಮನೆ ತರೀಕೆರೆ, ತವರು ಕಡೂರು. ಅಲ್ಲಿಯವರೆಗೆ ನೋಡುತ್ತಿದ್ದ ಡಾಕ್ಟರು, ನರ್ಸಮ್ಮ, ಆಶಾ ಕಾರ್ಯಕರ್ತೆ ಎಲ್ಲರೂ ಬದಲಾಗುತ್ತಾರೆ. ತಾಯಿ ಕಾರ್ಡು ಗಂಡನ ಮನೆಯ ಬೀರುವಿನಲ್ಲೇ ಉಳಿಯುತ್ತದೆ. ಬಾಗಿನ, ಬಳೆ, ಆರತಿಯ ಸಡಗರದಲ್ಲಿ ಎರಡು ಮೂರು ವಾರ ತಪಾಸಣೆ ತಪ್ಪುತ್ತದೆ. ಮಗು ಯಾವ ಕಡೆ ಮಲಗಿದೆ ಎಂದು ಖಚಿತ ಮಾಡಿಕೊಳ್ಳಬೇಕಾದ ವಾರಗಳೂ ಇವೇ.

ತವರಿಗೆ ಹೋಗುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಆ ದಿನಗಳಲ್ಲಿ ತಾಯಿಯ ಆರೈಕೆಗಿಂತ ದೊಡ್ಡ ಔಷಧಿ ಇಲ್ಲ. ಆದರೆ ಮಡಿಲು ತುಂಬುವಾಗ ತಾಯಿ ಕಾರ್ಡನ್ನೂ ವರದಿಗಳನ್ನೂ ಮರೆಯದೆ ಜೊತೆಗೆ ಕೊಡಿ. ತವರಿಗೆ ಬಂದ ವಾರದೊಳಗೆ ಅಲ್ಲಿನ ಆಸ್ಪತ್ರೆಯಲ್ಲಿ ತೋರಿಸಿ.

ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸಿ 36 ವಾರ ತುಂಬುವುದು ಎಂಟು ತಿಂಗಳು ಮುಗಿದು ಒಂದು ವಾರಕ್ಕೆ. ಆ ವಾರ ಡಾಕ್ಟರನ್ನು ಕೇಳಬೇಕಾದ ಪ್ರಶ್ನೆ ಒಂದೇ: ‘ಮಗುವಿನ ತಲೆ ಎಲ್ಲಿದೆ?’ ಇದಕ್ಕೆ ಮೊದಲು ಬೇಕಾದ್ದು ಅನುಭವವುಳ್ಳ ಕೈ. ತಲೆ ಗಟ್ಟಿಯಾಗಿ ಗುಂಡಗೆ ಸಿಗುತ್ತದೆ, ಕುಂಡೆ ಮೆತ್ತಗೆ ಅಗಲವಾಗಿರುತ್ತದೆ. ತಲೆ ಮೇಲಿದ್ದರೆ ಮಗುವಿನ ಎದೆಬಡಿತ ಸಾಮಾನ್ಯವಾಗಿ ಹೊಕ್ಕುಳಿನ ಮೇಲ್ಭಾಗದಲ್ಲಿ ಕೇಳುತ್ತದೆ. ಅನುಮಾನ ಬಂದರೆ ಆಗ ಸ್ಕ್ಯಾನಿಂಗ್. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಸುವ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನ 2016ರಲ್ಲಿ ಆರಂಭವಾಯಿತು. ಆ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಟ್ಟುಕೊಳ್ಳಿ.

ಆಗಲೂ ಉಲ್ಟಾ ಇದ್ದರೆ?

ಮೂರು ದಾರಿಗಳಿವೆ. ಮೊದಲನೆಯದು, ತಜ್ಞ ವೈದ್ಯರು ಹೊಟ್ಟೆಯ ಹೊರಗಿನಿಂದ ಕೈಯಿಂದ ಒತ್ತಿ ಮಗುವನ್ನು ತಿರುಗಿಸುವುದು. ಇದನ್ನು 36-37 ವಾರಗಳ ನಂತರ, ಮಗುವಿನ ಎದೆಬಡಿತ ಗಮನಿಸುತ್ತಾ, ತುರ್ತಾಗಿ ಆಪರೇಷನ್ ಮಾಡುವ ಅನುಕೂಲ ಇರುವ ಆಸ್ಪತ್ರೆಯಲ್ಲೇ ಮಾಡಬೇಕು. ಸುಮಾರು ಅರ್ಧದಷ್ಟು ಮಂದಿಯಲ್ಲಿ ಇದು ಫಲಿಸುತ್ತದೆ. ಅವಳಿ ಮಕ್ಕಳಿದ್ದರೆ, ಮಾಸು ಕೆಳಗಿದ್ದರೆ, ಇತ್ತೀಚೆಗೆ ರಕ್ತಸ್ರಾವವಾಗಿದ್ದರೆ ಮಾಡುವಂತಿಲ್ಲ. ಎಲ್ಲ ಆಸ್ಪತ್ರೆಗಳಲ್ಲೂ ಮಾಡುವುದಿಲ್ಲ. ಕೇಳಿ ನೋಡುವುದರಲ್ಲಿ ತಪ್ಪಿಲ್ಲ.

ಮನೆಯಲ್ಲಿ ಎಣ್ಣೆ ಹಚ್ಚಿ ನೀವಿ ತಿರುಗಿಸುವುದು ಇದೇ ಅಲ್ಲವೇ ಎಂದು ಕೆಲವರು ಕೇಳುತ್ತಾರೆ. ಅಲ್ಲ. ಮಾಸು ಕಳಚಿ ರಕ್ತ ಹೋಗುವುದು, ಮಗುವಿನ ಎದೆಬಡಿತ ಇಳಿಯುವುದು ಅಪರೂಪಕ್ಕೆ ಆಗುವಂಥದ್ದು. ಆದರೆ ಆದಾಗ ಆಪರೇಷನ್ ಕೋಣೆ ಪಕ್ಕದಲ್ಲೇ ಇರಬೇಕು. ಮನೆಯ ನಡುಮನೆಯಲ್ಲಿ ಅದು ಎಲ್ಲಿಂದ ಬರಬೇಕು?

ಎರಡನೆಯದು, ಮೊದಲೇ ದಿನ ಗೊತ್ತು ಮಾಡಿ ಸಿಸೇರಿಯನ್. 2000ದಲ್ಲಿ ಪ್ರಕಟವಾದ, 26 ದೇಶಗಳ ಎರಡು ಸಾವಿರಕ್ಕೂ ಹೆಚ್ಚು ತಾಯಂದಿರನ್ನು ಒಳಗೊಂಡ ಅಧ್ಯಯನವೊಂದು, ಕುಂಡೆ ಮುಂದಾದ ಮಗುವಿಗೆ ಹೆರಿಗೆಯ ಸಮಯದಲ್ಲಿ ಈ ದಾರಿಯೇ ಹೆಚ್ಚು ಕ್ಷೇಮ ಎಂದು ತೋರಿಸಿತು. ಆಮೇಲೆ ಪ್ರಪಂಚದ ಬಹುತೇಕ ಕಡೆ ಇದೇ ರೂಢಿಯಾಯಿತು.

ಮೂರನೆಯದು, ಸಹಜ ಹೆರಿಗೆ. ಮಗುವಿನ ತೂಕ, ಕಾಲಿನ ಭಂಗಿ, ತಾಯಿಯ ಕಟಿ ಎಲ್ಲ ಅನುಕೂಲವಾಗಿದ್ದು, ಇಂಥ ಹೆರಿಗೆ ಮಾಡಿಸಿ ಪಳಗಿದ ತಜ್ಞರಿದ್ದರೆ ಇಂದಿಗೂ ಸಾಧ್ಯ. ಕುಂಡೆ ಬಂದು ತಲೆ ಸಿಕ್ಕಿಕೊಳ್ಳುವ ಅಪಾಯವಿರುವುದರಿಂದ ಮನೆಯಲ್ಲಿ ಮಾತ್ರ ಕೂಡದು.

ಮಗು ಅಡ್ಡವೇ ಉಳಿದರೆ ಆಯ್ಕೆಯ ಮಾತಿಲ್ಲ. ಅದು ಸಹಜವಾಗಿ ಹೊರಬರಲಾರದು. ನೋವು ಮುಂದುವರಿದರೆ ಗರ್ಭಕೋಶವೇ ಹರಿಯಬಹುದು. ಆದ್ದರಿಂದಲೇ ಇಂಥವರನ್ನು 37 ವಾರಗಳ ನಂತರ ಆಸ್ಪತ್ರೆಯಲ್ಲೇ ಇರುವಂತೆ ವೈದ್ಯರು ಹೇಳುವುದುಂಟು. ‘ನೋವೇ ಇಲ್ಲ, ಯಾಕೆ ಸೇರಿಸಬೇಕು’ ಎಂದು ಜಗಳವಾಡಬೇಡಿ.

ಹೆರಿಗೆ ಎಲ್ಲಿ?

ಒಂಬತ್ತನೇ ತಿಂಗಳಲ್ಲಿ ಮಗು ಉಲ್ಟಾ ಎಂದು ತಿಳಿದ ಮೇಲೆ ಕೊರಗುತ್ತಾ ಕೂರುವ ಬದಲು ಜಾಗ ಗೊತ್ತು ಮಾಡಿ. ನೀವು ಹೋಗುವ ಆಸ್ಪತ್ರೆಯಲ್ಲಿ ಆಪರೇಷನ್ ಮಾಡುವ ವೈದ್ಯರು, ಅರಿವಳಿಕೆ ಕೊಡುವ ವೈದ್ಯರು, ರಕ್ತದ ವ್ಯವಸ್ಥೆ ಈ ಮೂರೂ ರಾತ್ರಿ ಹೊತ್ತಿನಲ್ಲೂ ಸಿಗುತ್ತವೆಯೇ ಎಂದು ಮೊದಲೇ ವಿಚಾರಿಸಿ. ಇಲ್ಲವೆಂದರೆ ಕಡೂರಿನ ಕಡೆಯವರಿಗೆ ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆ, ತರೀಕೆರೆಯ ಕಡೆಯವರಿಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಇವೆ. ಎರಡೂ ಸುಮಾರು 40 ಕಿ.ಮೀ. ದೂರ. ಕೆಲವು ವರ್ಷಗಳ ಹಿಂದೆ ತರೀಕೆರೆಯಿಂದ ಬೇರೆಯಾಗಿ ತಾಲ್ಲೂಕಾದ ಅಜ್ಜಂಪುರದವರಿಗೆ ಹಾದಿ ಇನ್ನೂ ಹೆಚ್ಚು. ಹಗಲಿನಲ್ಲಿ ಗೊತ್ತಾದ ದಿನ ಹೋಗುವವರಿಗೆ ಈ ದೂರ ಲೆಕ್ಕಕ್ಕಿಲ್ಲ. ನಡುರಾತ್ರಿ ನೀರು ಒಡೆದ ಮೇಲೆ ಹೊರಡುವವರಿಗೆ ಇದೇ ದೂರ ಸಾವು ಬದುಕಿನ ಪ್ರಶ್ನೆ. ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಕೂಡ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಉಚಿತ. ಖರ್ಚಿಗೆ ಹೆದರಿ ತಡ ಮಾಡಬೇಡಿ.

ಇವನ್ನು ನೆನಪಿಡಿ

* 36 ವಾರದ ನಂತರ ಪ್ರತಿ ತಪಾಸಣೆಯಲ್ಲೂ ಮಗುವಿನ ಸ್ಥಾನ ಕೇಳಿ ತಿಳಿಯಿರಿ. ತಲೆ ಕೆಳಗಿದ್ದ ಮಗುವೂ ಮತ್ತೆ ತಿರುಗಬಹುದು. ಎರಡನೇ, ಮೂರನೇ ಬಸಿರಿನಲ್ಲಿ ಇದು ಹೆಚ್ಚು.

* ಮಗು ಉಲ್ಟಾ ಅಥವಾ ಅಡ್ಡ ಇದ್ದು ನೀರು ಒಡೆದರೆ, ನೋವು ಇಲ್ಲದಿದ್ದರೂ ತಕ್ಷಣ 108ಕ್ಕೆ ಕರೆ ಮಾಡಿ. ಗರ್ಭಿಣಿ ಎಡಮಗ್ಗುಲಾಗಿ ಮಲಗಿ, ಸೊಂಟದ ಕೆಳಗೆ ದಿಂಬು ಇಟ್ಟು ಎತ್ತರ ಮಾಡಿಕೊಳ್ಳಲಿ. ನಡೆಸಬೇಡಿ, ಬೈಕಿನಲ್ಲಿ ಕೂರಿಸಬೇಡಿ. ಬಳ್ಳಿ ಹೊರಗೆ ಕಂಡರೆ ಒಳಗೆ ತಳ್ಳಲು ಹೋಗಬೇಡಿ.

* ರಕ್ತ ಹೋದರೆ, ಮಗುವಿನ ಚಲನೆ ಕಡಿಮೆಯಾದರೆ ಬೆಳಗಾಗಲಿ ಎಂದು ಕಾಯಬೇಡಿ.

* ತಲೆ ಕೆಳಗಿದ್ದು ‘ಮುಖ ಮೇಲಕ್ಕಿದೆ’ ಎಂದು ವರದಿಯಲ್ಲಿದ್ದರೆ ಆತಂಕ ಬೇಡ. ಹೆರಿಗೆ ನೋವಿನ ಸಮಯದಲ್ಲಿ ಬಹುಪಾಲು ಮಕ್ಕಳು ಸರಿಯಾಗಿ ತಿರುಗುತ್ತವೆ.

* ಕೊರಳಿಗೆ ಬಳ್ಳಿ ಸುತ್ತಿದೆ ಎಂಬ ಒಂದೇ ಕಾರಣಕ್ಕೂ ಗಾಬರಿಯಾಗಬೇಡಿ. ಕ್ಷೇಮವಾಗಿ ಹುಟ್ಟುವ ಎಷ್ಟೋ ಮಕ್ಕಳಲ್ಲಿ ಅದು ಇರುತ್ತದೆ.

* ಕೊನೆಯ ದಿನಗಳವರೆಗೆ ಉಲ್ಟಾ ಇದ್ದ ಮಗುವಿನ ಸೊಂಟದ ಕೀಲನ್ನು ಹುಟ್ಟಿದ ಮೇಲೆ ಮಕ್ಕಳ ವೈದ್ಯರಿಗೆ ತೋರಿಸಿ. ಆರನೇ ವಾರದ ಹೊತ್ತಿಗೆ ಒಂದು ಸ್ಕ್ಯಾನಿಂಗ್ ಬೇಕಾಗಬಹುದು.

ಅಜ್ಜಂಪುರದ ಆ ಅತ್ತೆ ಮೊಮ್ಮಗಳನ್ನು ಎತ್ತಿಕೊಂಡು ಲಸಿಕೆ ಹಾಕಿಸಲು ಬಂದಿದ್ದಾಗ, ‘ಸುಮ್ಮನೆ ಹೆದರಿ ಎರಡು ತಿಂಗಳು ಸೊಸೆಗೂ ನಿದ್ದೆ ಇಲ್ಲ, ನನಗೂ ಇಲ್ಲ ಕಣ್ರಿ’ ಎಂದು ನಕ್ಕರು. ಹೆದರಿದ್ದು ನಷ್ಟವೇನಲ್ಲ, ಹೇಳಿದ ದಿನಕ್ಕೆ ಮರೆಯದೆ ಕರೆದುಕೊಂಡು ಬಂದಿರಲ್ಲ, ಅದೇ ದೊಡ್ಡದು ಎಂದು ನಾನೂ ನಕ್ಕೆ.