ಜ್ವರ ಬಿಟ್ಟ ಮೇಲಿನ ಲೆಕ್ಕ

(ಬಾನುಲಿ ಭಾಷಣ)

ಜ್ವರವೇನೋ ಬಿಟ್ಟಿತು, ಮನುಷ್ಯ ಮಾತ್ರ ಮೊದಲಿನಂತಾಗಲಿಲ್ಲ ಎಂಬ ಮಾತು ನಮ್ಮ ಮನೆಗಳಲ್ಲಿ ಹೊಸದಲ್ಲ. 2006ರಲ್ಲಿ ಚಿಕುನ್‌ಗುನ್ಯ ಕರ್ನಾಟಕದ ಜಿಲ್ಲೆಜಿಲ್ಲೆಗಳನ್ನು ಹೊಕ್ಕಾಗ, ಜ್ವರ ವಾರದೊಳಗೆ ಇಳಿದರೂ ಬೆರಳ ಗೆಣ್ಣಿನ ನೋವು, ಮಂಡಿಯ ನೋವು ತಿಂಗಳುಗಟ್ಟಲೆ ಉಳಿದವರನ್ನು ನಾವು ಕಂಡಿದ್ದೇವೆ. ಸೋಂಕು ಕಳೆದ ಮೇಲೂ ಕಳೆಯದ ಇಂಥ ಕಾಯಿಲೆಗಳನ್ನು ಅಭ್ಯಾಸ ಮಾಡಹೊರಟವರಿಗೆ ಔಷಧಕ್ಕಿಂತ ಮೊದಲು ಎದುರಾಗುವ ಪ್ರಶ್ನೆಯೊಂದುಂಟು: ರೋಗಿ ಹೇಳಿದ್ದನ್ನು ಯಾರು, ಯಾವಾಗ, ಹೇಗೆ ಬರೆದುಕೊಂಡರು? ಬೇರೆ ರೋಗಗಳಲ್ಲಿ ರಕ್ತಪರೀಕ್ಷೆಯೋ ಎಕ್ಸ್‌ರೇ ಚಿತ್ರವೋ ಸಾಕ್ಷಿ ನುಡಿಯುತ್ತದೆ. ಇಲ್ಲಿ ಅನೇಕ ವೇಳೆ ಪರೀಕ್ಷೆಗಳೆಲ್ಲ ಸರಿಯಾಗಿಯೇ ಇರುತ್ತವೆ. ಉಳಿಯುವ ಸಾಕ್ಷಿ ಎಂದರೆ ರೋಗಿಯ ಮಾತು ಮತ್ತು ಅದನ್ನು ಹಿಡಿದಿಟ್ಟ ಕಾಗದ.

ಕಾಗದವನ್ನು ಮಾತ್ರ ನೋಡಿ ಮನುಷ್ಯರನ್ನು ನೋಡದಿದ್ದರೆ ಏನಾದೀತೆಂಬುದನ್ನು ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಪ್ರಸಂಗ ತೋರಿಸುತ್ತದೆ. 1955ರ ಜುಲೈ ತಿಂಗಳಿನಲ್ಲಿ ಅಲ್ಲಿನ ವೈದ್ಯರು, ದಾದಿಯರು ಒಬ್ಬರಾದ ಮೇಲೊಬ್ಬರಂತೆ ಹಾಸಿಗೆ ಹಿಡಿದರು. ತಲೆನೋವು, ಕುತ್ತಿಗೆ ನೋವು, ತಲೆಸುತ್ತು, ಕೈಕಾಲುಗಳಲ್ಲಿ ನಿಶ್ಶಕ್ತಿ. ನವೆಂಬರಿನ ಹೊತ್ತಿಗೆ ಕಾಯಿಲೆ ಬಿದ್ದ ಸಿಬ್ಬಂದಿಯ ಸಂಖ್ಯೆ 292. ಆಸ್ಪತ್ರೆಯನ್ನೇ ಕೆಲವು ತಿಂಗಳ ಕಾಲ ಮುಚ್ಚಬೇಕಾಯಿತು. ವಿಚಿತ್ರವೆಂದರೆ, ಒಳರೋಗಿಗಳ ಪೈಕಿ ಅದು ತಗುಲಿದ್ದು 12 ಮಂದಿಗೆ ಮಾತ್ರ. ಕಾರಣವಾದ ರೋಗಾಣು ಸಿಕ್ಕಲಿಲ್ಲ. ಹದಿನೈದು ವರ್ಷ ಕಳೆದು, 1970ರಲ್ಲಿ, ಮೆಕೆವೆಡಿ ಮತ್ತು ಬಿಯರ್ಡ್ ಎಂಬ ಇಬ್ಬರು ಮನೋವೈದ್ಯರು ಆ ಹಳೆಯ ಟಿಪ್ಪಣಿಗಳನ್ನು ತಿರುವಿಹಾಕಿ, ಇದು ಸಾಮೂಹಿಕ ಹಿಸ್ಟೀರಿಯಾ ಎಂದು ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ವಾದಿಸಿದರು. ಪೀಡಿತರಲ್ಲಿ ಹೆಂಗಸರೇ ಹೆಚ್ಚೆಂಬುದು ಅವರ ಆಧಾರಗಳಲ್ಲಿ ಒಂದು. ರೋಗಿಗಳನ್ನು ಅವರು ಪರೀಕ್ಷಿಸಲಿಲ್ಲ. ಗಡಿಬಿಡಿಯಲ್ಲಿ, ರೋಗವೇನೆಂದೇ ತಿಳಿಯದೆ ಬರೆದ ಟಿಪ್ಪಣಿಗಳು ಅಷ್ಟು ಭಾರವಾದ ತೀರ್ಮಾನವನ್ನು ಹೊರಬಲ್ಲವೆ? ಮಯಾಲ್ಜಿಕ್ ಎನ್‌ಸೆಫಲೋಮಯಲೈಟಿಸ್ ಎಂದು ಹೆಸರು ಪಡೆದ ಈ ವ್ಯಾಧಿಯವರು ಮುಂದೆ ಬಹುಕಾಲ ಆ ಸಂಶಯದ ನೆರಳಿನಲ್ಲೇ ಬಾಳಬೇಕಾಯಿತು.

ಇದಕ್ಕೆ ತೀರ ಬೇರೆಯಾದ ಕ್ರಮವನ್ನು ಹಿಡಿದವರು ಆಸ್ಟ್ರೇಲಿಯದ ಡಬ್ಬೊ ಪಟ್ಟಣದ ಸುತ್ತ ಕೆಲಸ ಮಾಡಿದ ಸಂಶೋಧಕರು. ಗ್ರಂಥಿಜ್ವರದ ವೈರಸ್, ಕುರಿ ದನಗಳಿಂದ ಬರುವ ಕ್ಯೂ ಜ್ವರ, ಸೊಳ್ಳೆ ಹರಡುವ ರಾಸ್ ರಿವರ್ ವೈರಸ್, ಈ ಮೂರರಲ್ಲಿ ಒಂದು ತಗುಲಿದ 253 ಮಂದಿಯನ್ನು ಅವರು ಕಾಯಿಲೆಯ ಮೊದಲ ದಿನಗಳಿಂದಲೇ ಹಿಂಬಾಲಿಸಿದರು. 2006ರಲ್ಲಿ ಪ್ರಕಟವಾದ ಅವರ ವರದಿಯಂತೆ, ಆರು ತಿಂಗಳಾದ ಮೇಲೂ ನೂರಕ್ಕೆ 12 ಜನ ದುಡಿಯಲಾರದಷ್ಟು ದಣಿದಿದ್ದರು. ಯಾರು ಹಾಗೆ ಉಳಿಯುವರೆಂಬುದನ್ನು ಸೂಚಿಸಿದ್ದು ಮೊದಲ ಜ್ವರದ ತೀವ್ರತೆ. ವಯಸ್ಸಾಗಲಿ, ಮನಸ್ಸಿನ ಸ್ವಭಾವವಾಗಲಿ, ರೋಗಾಣುವಿನ ಜಾತಿಯಾಗಲಿ ಅಲ್ಲ. ಎಂದೋ ಕಾಯಿಲೆ ಬಿದ್ದವರನ್ನು ಕರೆದು "ನಿಮ್ಮ ಜ್ವರ ಆಗ ಹೇಗಿತ್ತು?" ಎಂದು ಕೇಳಿದ್ದರೆ ಈ ಮಾತನ್ನು ಇಷ್ಟು ಧೈರ್ಯವಾಗಿ ಹೇಳಲಾಗುತ್ತಿರಲಿಲ್ಲ. ನೆನಪು ಇಂದಿನ ನೋವಿನ ಬಣ್ಣವನ್ನು ಅಂದಿನ ದಿನಕ್ಕೂ ಬಳಿಯುತ್ತದೆ.

ಯಾವಾಗ ಕೇಳಬೇಕೆಂಬಷ್ಟೇ ಏನು ಕೇಳಬೇಕೆಂಬುದೂ ಕಷ್ಟ. "ಆಯಾಸವಿದೆಯೆ?" ಎಂಬ ಪ್ರಶ್ನೆಗೆ ದಿನವಿಡೀ ಉತ್ತು ಬಂದ ರೈತನೂ ಹೌದೆನ್ನುತ್ತಾನೆ, ಮದುವೆ ಮನೆಯ ಯಜಮಾನಿಯೂ ಹೌದೆನ್ನುತ್ತಾಳೆ. ಈ ವ್ಯಾಧಿಯ ಗುರುತು ಬೇರೆ. ಇಂದು ಸ್ನಾನ ಮಾಡಿ ಸ್ವಲ್ಪ ಹೊತ್ತು ನೆಂಟರೊಡನೆ ಮಾತನಾಡಿದವರು ನಾಳೆಯೋ ನಾಡಿದ್ದೋ ಏಳಲಾರದಂತಾಗುವುದುಂಟು. ಆದುದರಿಂದ ಪ್ರಶ್ನೆ ದಣಿವಿನ ಮಾರನೆಯ ದಿನವನ್ನು ಕುರಿತಿರಬೇಕು. 1994ರಲ್ಲಿ ಅಮೆರಿಕದಲ್ಲಿ ರೂಪುಗೊಂಡು ಬಹುಕಾಲ ಬಳಕೆಯಲ್ಲಿದ್ದ ಲಕ್ಷಣಪಟ್ಟಿಯಲ್ಲಿ ಈ ಗುರುತು ಎಂಟರಲ್ಲಿ ಒಂದಾಗಿತ್ತು, ಇದ್ದರೂ ಸರಿ, ಇಲ್ಲದಿದ್ದರೂ ಸರಿ. 2015ರಲ್ಲಿ ಅಲ್ಲಿಯದೇ ವೈದ್ಯ ಪರಿಷತ್ತು ಅದನ್ನು ಕಡ್ಡಾಯ ಮಾಡಿತು. ಹಾಗಾಗಿ ಒಂದೇ ಹೆಸರಿನಡಿ ನಡೆದ ಎರಡು ಸಂಶೋಧನೆಗಳು ಎರಡು ಬಗೆಯ ಜನರನ್ನು ಕುರಿತವಾಗಿರಬಹುದು. ಅವುಗಳ ಅಂಕಿಗಳನ್ನು ಕೂಡಿಸುವುದು ಸೇರನ್ನೂ ಮೊಳವನ್ನೂ ಕೂಡಿಸಿದಂತೆ.

2020ರ ಕೋವಿಡ್ ಈ ಹಳೆಯ ಗಂಟನ್ನು ಬೀದಿಗೆ ತಂದಿತು. ಆಗ ರೋಗಿಗಳು ಕಾಯುತ್ತ ಕೂರಲಿಲ್ಲ. ದೀರ್ಘಕಾಲ ನರಳುತ್ತಿದ್ದವರಲ್ಲೇ ಸಂಶೋಧನೆ ಬಲ್ಲ ಕೆಲವರು ಸೇರಿ ತಾವೇ ಪ್ರಶ್ನಾವಳಿ ಸಿದ್ಧಮಾಡಿದರು. 56 ದೇಶಗಳ 3,762 ಮಂದಿ ಉತ್ತರಿಸಿದರು. 203 ಬಗೆಯ ತೊಂದರೆಗಳು ದಾಖಲಾದವು. 2021ರಲ್ಲಿ ಅದು ಪ್ರಕಟವಾಯಿತು. ಸೋಂಕು ಪರೀಕ್ಷೆಯಿಂದ ದೃಢಪಟ್ಟವರು ಸುಮಾರು ಕಾಲು ಭಾಗ ಮಾತ್ರ, ಏಕೆಂದರೆ ಮೊದಲ ತಿಂಗಳುಗಳಲ್ಲಿ ಅನೇಕ ಕಡೆ ಪರೀಕ್ಷೆಯೇ ದೊರೆಯುತ್ತಿರಲಿಲ್ಲ. ಆ ಉಳಿದವರನ್ನು ಬಿಟ್ಟಿದ್ದರೆ ಲೆಕ್ಕ ಚೊಕ್ಕವಾಗಿ ಕಾಣುತ್ತಿತ್ತು, ನಿಜ; ಬಿಡದಿದ್ದುದೇ ಸರಿ ಎಂದು ನನ್ನ ಅಭಿಪ್ರಾಯ. ಹಾಗೆಂದು ಈ ಸಮೀಕ್ಷೆಯಿಂದ, ಸೋಂಕು ತಗುಲಿದವರಲ್ಲಿ ನೂರಕ್ಕೆ ಎಷ್ಟು ಮಂದಿ ಹೀಗೆ ನರಳುವರೆಂದು ಹೇಳಲು ಬಾರದು. ಗುಣವಾದವರು ಫಾರಂ ಹುಡುಕಿಕೊಂಡು ಬಂದು ತುಂಬುವುದಿಲ್ಲ. ಬೆಳಕನ್ನೂ ಸದ್ದನ್ನೂ ತಾಳಲಾರದೆ ಕತ್ತಲೆಯ ಕೋಣೆಯಲ್ಲಿ ಮಲಗಿದವರೂ ತುಂಬುವುದಿಲ್ಲ.

ಈ ಎರಡನೆಯವರ ವಿಷಯ ಹೆಚ್ಚು ಕಳವಳದ್ದು. ಅಂಥವರನ್ನು ಆಸ್ಪತ್ರೆಗೆ ಬರಹೇಳಿದರೆ ಬಂದ ಶ್ರಮಕ್ಕೇ ಕಾಯಿಲೆ ಉಲ್ಬಣಿಸುತ್ತದೆ. ಬಾರದಿದ್ದರೆ ಲೆಕ್ಕದಲ್ಲಿ ಇಲ್ಲ. ಬ್ರಿಟನ್ನಿನಲ್ಲಿ 2022ರಲ್ಲಿ ಜನರನ್ನು ಸೇರಿಸಿಕೊಳ್ಳತೊಡಗಿದ ಡಿಕೋಡ್‌ಎಂಇ ಎಂಬ ಅಧ್ಯಯನ ಇದನ್ನು ಗಮನಿಸಿತು. ಯೋಜನೆ ರೂಪಿಸುವಾಗಲೇ ರೋಗಿಗಳು ಜೊತೆಗಿದ್ದರು. ಪ್ರಶ್ನೆಗಳಿಗೆ ಮನೆಯಲ್ಲೇ ಉತ್ತರಿಸಬಹುದಿತ್ತು. ಅಂಚೆಯಲ್ಲಿ ಬಂದ ಪುಟ್ಟ ಕೊಳವೆಗೆ ಎಂಜಲು ಉಗಿದು ಹಿಂದಕ್ಕೆ ಕಳಿಸಿದರಾಯಿತು, ರಕ್ತ ಕೊಡಲು ಎಲ್ಲಿಗೂ ಹೋಗಬೇಕಾಗಿರಲಿಲ್ಲ. 2025ರ ಆಗಸ್ಟಿನಲ್ಲಿ ಹೊರಬಂದ ಪ್ರಾಥಮಿಕ ಫಲಿತಾಂಶದಲ್ಲಿ 15,579 ರೋಗಿಗಳ ವಂಶವಾಹಿಗಳನ್ನು ಎರಡೂವರೆ ಲಕ್ಷಕ್ಕೂ ಹೆಚ್ಚು ಇತರರ ವಂಶವಾಹಿಗಳೊಡನೆ ಹೋಲಿಸಿ, ಎಂಟು ಸ್ಥಾನಗಳಲ್ಲಿ ವ್ಯತ್ಯಾಸವನ್ನು ಗುರುತಿಸಿದ್ದರು. ಆದರೆ ಹೋಲಿಕೆ ನಡೆದದ್ದು ಐರೋಪ್ಯ ಮೂಲದವರ ನಡುವೆ. ಆ ಎಂಟು ಗುರುತುಗಳು ನಮ್ಮ ಜನರಲ್ಲಿಯೂ ಇದೇ ಅರ್ಥವನ್ನು ಕೊಡುವವೋ ಎಂಬುದನ್ನು ತಿಳಿಯಬೇಕಾದರೆ, ಇಂಥದೇ ಕೊಳವೆ ಮತ್ತು ಇಂಥದೇ ಪ್ರಶ್ನೆಗಳು ನಮ್ಮ ಭಾಷೆಯಲ್ಲಿ ನಮ್ಮ ಊರುಗಳ ಮನೆಬಾಗಿಲಿಗೆ ಬರಬೇಕು.