ಮದ್ದಿಗಿಂತ ಮೊದಲು ಹುಲ್ಲು

ಮುಂಬಯಿಯ ಹೌಸಿಂಗ್ ಸೊಸೈಟಿಯಲ್ಲಿ ನಾಯಿ ಸಾಕಿದರೆ ಲಿಫ್ಟಿನಲ್ಲೇ ಜಗಳ ಶುರು. ಗಿನಿಪಿಗ್ ಹಾಗಲ್ಲ. ಬೊಗಳುವುದಿಲ್ಲ, ಬೆಳಿಗ್ಗೆ ವಾಕಿಂಗ್ ಕೇಳುವುದಿಲ್ಲ, ವನ್ ಬಿಎಚ್‌ಕೆಯ ಹಾಲಿನಲ್ಲೂ ಅದರ ಗೂಡಿಗೆ ಒಂದು ಮೂಲೆ ಸಿಗುತ್ತದೆ. ಕ್ರಾಫರ್ಡ್ ಮಾರ್ಕೆಟ್ಟಿನ ಅಂಗಡಿಯಿಂದ ರಟ್ಟಿನ ಡಬ್ಬಿಯಲ್ಲಿ ಕೂತು, ಲೋಕಲ್ ಹತ್ತಿ ಡೊಂಬಿವಲಿಗೋ ವಸಾಯಿಗೋ ಬಂದಿಳಿಯುವ ಈ ಪ್ರಾಣಿಯ ನಿಜವಾದ ಬೇಡಿಕೆಗಳು ಗೊತ್ತಾಗುವುದು ಅದು ಕಾಯಿಲೆ ಬಿದ್ದಾಗಲೇ. ನಾಯಿ, ಬೆಕ್ಕು ನೋಡುವ ಡಾಕ್ಟರು ಎಲ್ಲ ಕಡೆ ಇದ್ದಾರೆ. ಗಿನಿಪಿಗ್ ನೋಡಿ ಕೈ ಪಳಗಿದವರನ್ನು ಫೋನ್ ಮಾಡಿ, ವಿಚಾರಿಸಿ ಹುಡುಕಬೇಕು. ಅವರು ನೋಡುವುದಾದರೂ ಹತ್ತು ನಿಮಿಷ. ಆಮೇಲಿನ ಆಸ್ಪತ್ರೆ ಮನೆಯೇ, ನರ್ಸು ನೀವೇ.

ಹಾಗಾಗಿ ಮೊದಲ ಅಪಾಯ ಇರುವುದೂ ಮನೆಯಲ್ಲೇ, ಮದ್ದಿನ ಡಬ್ಬಿಯೊಳಗೆ. ಮಗುವಿನ ಗಂಟಲು ನೋವಿಗೆ ತಂದು ಉಳಿದ ಅಮಾಕ್ಸಿಸಿಲಿನ್ ಸಿರಪ್ ಇದ್ದೇ ಇರುತ್ತದೆ. ಅದೇ ಮದ್ದು ಗಿನಿಪಿಗ್‌ನ ಹೊಟ್ಟೆಗೆ ಹೋದರೆ ವಿಷ. ನಾರು ಜೀರ್ಣವಾಗಲು ಬೇಕಾದ ಒಳ್ಳೆಯ ಬ್ಯಾಕ್ಟೀರಿಯಾಗಳು ಅದರ ಕರುಳಲ್ಲಿ ವಾಸವಿರುತ್ತವೆ. ಪೆನ್ಸಿಲಿನ್, ಅಮಾಕ್ಸಿಸಿಲಿನ್, ಕ್ಲಿಂಡಾಮೈಸಿನ್‌ನಂಥವು ಬಾಯಿಂದ ಒಳಹೋದರೆ ಅವನ್ನೇ ಕೊಲ್ಲುತ್ತವೆ. ತೆರವಾದ ಜಾಗದಲ್ಲಿ ಕ್ಲಾಸ್ಟ್ರಿಡಿಯಂ ಜಾತಿಯ ಕೆಟ್ಟ ಬ್ಯಾಕ್ಟೀರಿಯಾ ಬೆಳೆದು ವಿಷ ಕಾರುತ್ತದೆ. ಕೆಲವೇ ದಿನಗಳಲ್ಲಿ ಪ್ರಾಣಿ ಸಾಯಬಹುದು. ಬಲ್ಲ ಡಾಕ್ಟರು ಎನ್‌ರೋಫ್ಲಾಕ್ಸಸಿನ್, ಇಲ್ಲವೇ ಟ್ರೈಮೆಥೋಪ್ರಿಮ್-ಸಲ್ಫಾ ಬರೆಯುವುದು ಇದೇ ಕಾರಣಕ್ಕೆ. ಮೆಡಿಕಲ್ ಅಂಗಡಿಯವನು ಎಷ್ಟೇ ಪರಿಚಯದವನಾಗಿರಲಿ, ಈ ವಿಷಯದಲ್ಲಿ ಅವನ ಸಲಹೆ ಬೇಡ.

ಇನ್ನು ಕುಡಿಸುವ ಕೆಲಸ. ಸೂಜಿ ತೆಗೆದ 1 ಮಿಲಿ ಸಿರಿಂಜು ಸಾಕು. ಹಳೆಯ ಟವೆಲಿನಲ್ಲಿ ತಲೆ ಮಾತ್ರ ಹೊರಗಿರುವಂತೆ ಸುತ್ತಿ, ಎದೆ ಬಿಗಿಯದಂತೆ ತೊಡೆಯ ಮೇಲೆ ಕೂರಿಸಿಕೊಳ್ಳಬೇಕು. ಮುಂದಿನ ಉದ್ದ ಹಲ್ಲಿಗೂ ಒಳಗಿನ ದವಡೆ ಹಲ್ಲಿಗೂ ನಡುವೆ ಖಾಲಿ ಜಾಗವಿದೆ. ಸಿರಿಂಜಿನ ತುದಿ ಪಕ್ಕದಿಂದ ಅಲ್ಲಿಗೆ ಹೋಗಬೇಕು, ನೇರ ಗಂಟಲಿಗಲ್ಲ. ಒಂದೆರಡು ಹನಿ ಬಿಡಿ, ಅದು ದವಡೆ ಆಡಿಸಿ ನುಂಗಲಿ, ಮತ್ತೆ ಒಂದೆರಡು ಹನಿ. ಬೇಗ ಮುಗಿಯಲಿ ಎಂದು ತಲೆ ಮೇಲೆತ್ತಿ ಒಂದೇ ಸಲ ಒತ್ತಿದರೆ ಮದ್ದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿ, 8.12ರ ಫಾಸ್ಟ್ ಟ್ರೇನ್ ನೆನೆಯುತ್ತ ಮಾಡುವ ಕೆಲಸ ಇದಲ್ಲ.

ಆದರೆ ನನ್ನನ್ನು ಕೇಳಿದರೆ, ಮದ್ದು ಕುಡಿಸುವುದು ಎರಡನೆಯ ಕೆಲಸ. ಗಿನಿಪಿಗ್‌ನ ಕರುಳು ಹಗಲಿರುಳು ನಡೆಯುತ್ತಲೇ ಇರಬೇಕು. ಮೇವು ಬಿಟ್ಟರೆ ಒಂದೇ ದಿನದಲ್ಲಿ ಹೊಟ್ಟೆ ನಿಂತು, ಗ್ಯಾಸ್ ತುಂಬಿ, ಮೂಲ ಕಾಯಿಲೆಗಿಂತ ಇದೇ ದೊಡ್ಡದಾಗುತ್ತದೆ. ಅಗಿಯದಿದ್ದರೆ ಜೀವನವಿಡೀ ಬೆಳೆಯುವ ಹಲ್ಲುಗಳೂ ಸವೆಯುವುದಿಲ್ಲ. ತಾನಾಗಿ ತಿನ್ನದಿದ್ದರೆ ಹುಲ್ಲಿನ ಪುಡಿಯ ಆಹಾರವನ್ನು ನೀರಲ್ಲಿ ಕಲಸಿ, ಸ್ವಲ್ಪ ದೊಡ್ಡ ಸಿರಿಂಜಿನಲ್ಲಿ ಕೆಲವು ಗಂಟೆಗೊಮ್ಮೆ ತಿನ್ನಿಸಬೇಕು, ರಾತ್ರಿಯೂ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ದಿನಾ ಒಂದೇ ಹೊತ್ತಿಗೆ ತೂಗಿ ಬರೆದಿಡಿ. ಕಣ್ಣಿಗೆ ಕಾಣುವ ಮೊದಲೇ ತಕ್ಕಡಿಗೆ ಕಾಣುತ್ತದೆ. ಹಿಕ್ಕೆ ಸಣ್ಣದಾಯಿತೇ, ಕಡಿಮೆಯಾಯಿತೇ ಅದನ್ನೂ ನೋಡಿ. ಡಾಕ್ಟರು ಕೇಳುವ ಮೊದಲ ಪ್ರಶ್ನೆ ಅದೇ.

ಸಿ ಜೀವಸತ್ವದ ಮಾತು ಬೇರೆಯೇ. ನಮ್ಮ ಹಾಗೆ ಗಿನಿಪಿಗ್‌ನ ದೇಹವೂ ಅದನ್ನು ತಯಾರಿಸಿಕೊಳ್ಳಲಾರದು. 1907ರಲ್ಲಿ ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಕ್, ಬರೀ ಧಾನ್ಯ ತಿನ್ನಿಸಿದ ಗಿನಿಪಿಗ್‌ಗಳಲ್ಲಿ ಸ್ಕರ್ವಿ ಕಾಣಿಸಿಕೊಂಡದ್ದನ್ನು ಪ್ರಕಟಿಸಿದರು; ಆ ಜೀವಸತ್ವದ ಹುಡುಕಾಟಕ್ಕೆ ದಾರಿಯಾದದ್ದು ಅದೇ. ಕಾಯಿಲೆಯಲ್ಲಿ ಬೇಡಿಕೆ ಇನ್ನೂ ಏರುತ್ತದೆ. ನೀರಿನ ಬಾಟಲಿಗೆ ಬೆರೆಸಿದರೆ ಬೇಗ ಸತ್ವ ಕಳೆದುಕೊಳ್ಳುತ್ತದೆ, ರುಚಿ ಬದಲಾಗಿ ಪ್ರಾಣಿ ನೀರನ್ನೇ ಬಿಡಬಹುದು. ಭಾಜಿ ಮಾರುವವನ ಹತ್ತಿರ ಸಿಗುವ ದೊಣ್ಣೆ ಮೆಣಸಿನಕಾಯಿಯ ಒಂದು ತುಂಡು, ಜತೆಗೆ ಡಾಕ್ಟರು ಹೇಳಿದ ಹನಿ, ಇಷ್ಟು ಸಾಕು.

ಈ ನಗರಕ್ಕೆ ಗಿನಿಪಿಗ್ ಹೊಸದೇನಲ್ಲ. 1896ರಲ್ಲಿ ಪ್ಲೇಗ್ ಬಂದ ಮೇಲೆ, ಅದಕ್ಕೆ ಲಸಿಕೆ ತಯಾರಿಸಿದ ವಿಜ್ಞಾನಿ ಹಾಫ್ಕಿನ್ ಅವರ ಪ್ರಯೋಗಾಲಯ 1899ರಲ್ಲಿ ಪರೇಲಿನ ಹಳೆಯ ಗವರ್ನರ್ ಬಂಗಲೆಗೆ ಹೋಯಿತು. ಚಿಗಟದಿಂದ ಪ್ಲೇಗ್ ಹರಡುತ್ತದೆಯೇ ಎಂದು ತಿಳಿಯಲು ಅಲ್ಲಿನ ಸಂಶೋಧಕ ಗ್ಲೆನ್ ಲಿಸ್ಟನ್, ಪ್ಲೇಗ್ ಹೊಕ್ಕ ಮನೆಗಳಲ್ಲಿ ಗಿನಿಪಿಗ್ ಬಿಟ್ಟು ಅದರ ಮೈಗೆ ಹತ್ತಿದ ಚಿಗಟ ಆರಿಸಿದರು. 1905ರಿಂದ ಪ್ಲೇಗ್ ಆಯೋಗ ಪರೇಲಿನಲ್ಲೇ ಪ್ರಯೋಗ ಮುಂದುವರಿಸಿತು: ನೆಲಕ್ಕೆ ಹತ್ತಿರ ತೂಗಿದ ಪಂಜರದ ಗಿನಿಪಿಗ್‌ಗೆ ರೋಗ ತಗುಲಿತು, ಚಿಗಟ ನೆಗೆದು ತಲುಪಲಾಗದ ಎತ್ತರದಲ್ಲಿದ್ದದ್ದು ಬದುಕಿತು. ಮುಂಬಯಿಯಲ್ಲಿ ಗಿನಿಪಿಗ್‌ಗೇ ಮದ್ದು ಹಾಕುವ ಕಾಲ ಬರಲು ಬಹಳ ವರ್ಷ ಹಿಡಿಯಿತು. ಹಾಗೆ ನೋಡಿದರೆ, ಅದೇ ಪರೇಲಿನಲ್ಲಿ 1886ರಲ್ಲೇ ಶುರುವಾದ ಪಶುವೈದ್ಯ ಕಾಲೇಜೂ ಇದೆ.

ಇಲ್ಲಿನ ಹವೆಯೂ ರೋಗಿಗೆ ಅನುಕೂಲವಲ್ಲ. ಗಿನಿಪಿಗ್‌ಗೆ ಬೆವರುವುದು ಗೊತ್ತಿಲ್ಲ. ಮೇ ತಿಂಗಳಲ್ಲಿ, ಅಕ್ಟೋಬರಿನ ಸೆಖೆಯಲ್ಲಿ ಬಿಸಿಲು ಬೀಳುವ ಬಾಲ್ಕನಿ ಅದಕ್ಕೆ ಒಲೆ. ಮಳೆಗಾಲದಲ್ಲಿ ಒಣಹುಲ್ಲಿನ ಪೊಟ್ಟಣ ಒಂದು ವಾರ ಬಾಯಿ ತೆರೆದಿದ್ದರೆ ಬೂಷ್ಟು ಹಿಡಿಯುತ್ತದೆ, ಅದು ಉಸಿರಿನ ಕಾಯಿಲೆಯನ್ನು ಹೆಚ್ಚಿಸುತ್ತದೆ. ಮುಚ್ಚಳ ಬಿಗಿಯಾಗಿ ಕೂರುವ, ಪೂರ್ತಿ ಒಣಗಿದ ಡಬ್ಬಿಗೆ ತುಂಬಿಡಿ. ಜೋಡಿ ಇದ್ದರೆ ಸೋಂಕಿನ ಭಯವಿಲ್ಲವೆಂದು ಡಾಕ್ಟರು ಹೇಳಿದ ಮೇಲೆ ಜತೆಗೇ ಬಿಡಿ. ಪಕ್ಕದಲ್ಲಿ ಒಂದು ಅಗಿಯುವ ಸದ್ದು ಕೇಳಿದರೆ ಇನ್ನೊಂದೂ ಹುಲ್ಲಿಗೆ ಬಾಯಿ ಹಾಕುವುದುಂಟು. ಲವಲವಿಕೆ ಬಂತೆಂದು ಮಧ್ಯದಲ್ಲಿ ಆಂಟಿಬಯೋಟಿಕ್ ನಿಲ್ಲಿಸಬೇಡಿ, ಕೋರ್ಸ್ ಮುಗಿದ ಮೇಲೆ ಉಳಿದದ್ದನ್ನು ಆ ಮದ್ದಿನ ಡಬ್ಬಿಗೆ ಸೇರಿಸಿಡಲೂ ಬೇಡಿ.