ಬಳೆಗಾರನ ಮಗನೂ ಮಗ್ಗದ ಮನೆಯ ಮಕ್ಕಳೂ

ಘಟಪ್ರಭೆಯ ದಂಡೆಯ ಮುಧೋಳಕ್ಕೆ ಸಾವಿರ ವರ್ಷಗಳ ಹಿಂದೆ ಮುದುವೊಳಲು ಎಂದು ಹೆಸರು. ಅಲ್ಲಿಯ ಬಳೆಗಾರ ಜಿನವಲ್ಲಭ ಮತ್ತು ಅಬ್ಬಲಬ್ಬೆಯರಿಗೆ ಕ್ರಿ.ಶ. 949ರಲ್ಲಿ ಜನಿಸಿದ ಹುಡುಗನಿಗೆ ಕುಲಕಸುಬು ಕಾದಿತ್ತು. ಅವನ ಮನಸ್ಸಾದರೋ ವಿದ್ಯೆಗೆ ಒಲಿದಿತ್ತು. ಅಜಿತಸೇನಾಚಾರ್ಯರು ಪಾಠ ಹೇಳಿದರು, ಚಾವುಂಡರಾಯ ಆಶ್ರಯವಿತ್ತನು, ಅತ್ತಿಮಬ್ಬೆ 993ರಲ್ಲಿ ಅವನಿಂದ ಅಜಿತಪುರಾಣವನ್ನು ಬರೆಯಿಸಿದಳು. ಬಳೆಗಾರನ ಮಗ ಕವಿಚಕ್ರವರ್ತಿ ರನ್ನನಾದನು. ಪ್ರತಿಭೆ ಅವನದೇ, ಆದರೆ ಅದು ಬೆಳೆದುದು ಪರರ ಆಸರೆಯಲ್ಲಿ.

ಅಂತಹ ಆಸರೆ ಮುಂದೆಯೂ ಬೇರೆ ಬೇರೆ ರೂಪದಲ್ಲಿ ಉಳಿದುಬಂದಿತು. ವಾರದ ಏಳು ದಿನಕ್ಕೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡು, ವಾರಾನ್ನ ಉಂಡು ಓದಿದವರು ಕನ್ನಡ ನಾಡಿನಲ್ಲಿ ಅನೇಕರು. ಎಲ್ಲ ಜಾತಿಯ ಮಕ್ಕಳಿಗೂ ಆ ಮನೆಗಳಲ್ಲಿ ಎಲೆ ಹಾಕುತ್ತಿರಲಿಲ್ಲವೆಂಬುದೂ ಅಷ್ಟೇ ನಿಜ. 1906ರಲ್ಲಿ ಬಾಗಲಕೋಟೆಯ ಬಸವೇಶ್ವರ ವಿದ್ಯಾವರ್ಧಕ ಸಂಘ ಹುಟ್ಟಿತು, 1910ರಲ್ಲಿ ಫ. ಗು. ಹಳಕಟ್ಟಿಯವರು ವಿಜಾಪುರದಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಗೆ ಅಡಿಗಲ್ಲಾದರು. ಜಮಖಂಡಿ, ಮುಧೋಳಗಳು 1948ರವರೆಗೆ ಸಂಸ್ಥಾನಗಳಾಗಿದ್ದವು. ಆಮೇಲೆ ಅರಸರ ಹೊಣೆ ಸರ್ಕಾರಕ್ಕೂ ಜನರಿಗೂ ಬಂದಿತು. 2002ರಲ್ಲಿ ಉತ್ತರ ಕರ್ನಾಟಕದಲ್ಲಿ ಮೊದಲಾದ ಅಕ್ಷರ ದಾಸೋಹದಲ್ಲಿ ಎಲ್ಲ ಮನೆಯ ಮಕ್ಕಳಿಗೂ ಒಂದೇ ಪಂಕ್ತಿ. ವಾರಾನ್ನದ ಕೊರತೆಯನ್ನು ತುಂಬಿದುದು ಇದು.

ಊಟವಾಯಿತು, ಶಾಲೆಯಿದೆ, ಇನ್ನೇನು ಬೇಕು ಎನ್ನಬಹುದು. ರಬಕವಿ-ಬನಹಟ್ಟಿಯ ನೇಕಾರರ ಓಣಿಯಲ್ಲಿ ಉತ್ತರ ಸಿಕ್ಕೀತು. ಸೀರೆ ನೇಯುವುದು ಒಬ್ಬರ ಕೆಲಸವಲ್ಲ. ತಂದೆ ಮಗ್ಗದಲ್ಲಿ ಕುಳಿತರೆ, ಲಾಳಿಗೆ ಬೇಕಾದ ಕಂಡಿಕೆಯನ್ನು ಮನೆಮಂದಿ ಸುತ್ತಬೇಕು. ಆ ಕೆಲಸಕ್ಕೆ ಎಳೆಯ ಕೈಯೂ ಸಾಕು. ಸೀರೆಯ ಲೆಕ್ಕದಲ್ಲಿ ಕೂಲಿ ಎಣಿಸುವ ಮನೆಯಲ್ಲಿ ಮಗಳು ಶಾಲೆಗೆ ಹೋದರೆ ಒಂದು ಕೈ ಕಡಿಮೆಯಾಯಿತೆಂದೇ ಅರ್ಥ. 2016ರ ತಿದ್ದುಪಡಿಯಾದ ಕಾನೂನು, ಮನೆತನದ ಅಪಾಯವಿಲ್ಲದ ಕೆಲಸಕ್ಕೆ ಮಕ್ಕಳು ನೆರವಾಗುವುದನ್ನು ಶಾಲೆಯ ವೇಳೆ ಮುಗಿದ ಮೇಲೆ ಮತ್ತು ರಜೆಯಲ್ಲಿ ಮಾತ್ರ ಒಪ್ಪುತ್ತದೆ. ಆದರೆ ಮನೆಯೊಳಗಿನ ಗಡಿಯಾರವನ್ನು ಯಾವ ಅಧಿಕಾರಿ ನೋಡಬಲ್ಲನು? ನೋಡಬಲ್ಲವರು ನೆರೆಹೊರೆಯವರೇ.

ಮುಧೋಳ, ಜಮಖಂಡಿಯ ಕಬ್ಬಿನ ಹೊಲಗಳಿಗೆ ಹಂಗಾಮಿನಲ್ಲಿ ಕಡಿಯುವವರು ಸಂಸಾರಸಮೇತ ಬರುತ್ತಾರೆ. ಮಕ್ಕಳ ಪುಸ್ತಕ ಊರಲ್ಲೇ ಉಳಿಯುತ್ತದೆ. ಬೀಳಗಿಯ ಕಡೆ ಆಲಮಟ್ಟಿಯ ಹಿನ್ನೀರಿಗೆ ಊರುಗಳನ್ನು ಬಿಟ್ಟುಕೊಟ್ಟ ಜನ ಹೊಸ ನೆಲೆಗಳಲ್ಲಿ ನೆರೆಯನ್ನು ಮತ್ತೆ ಕಟ್ಟಿಕೊಳ್ಳಬೇಕಾಯಿತು. ಊರೇ ಕದಲಿದಾಗ ಮಗುವಿನ ಹಾಜರಿಯನ್ನು ಗಮನಿಸುವ ಕಣ್ಣುಗಳೂ ಕದಲುತ್ತವೆ.

2001ರಲ್ಲಿ ರೂಪುಗೊಂಡ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ತಂದೆತಾಯಿಗಳಿಗೆ ಶಾಲೆಯ ಆಡಳಿತದಲ್ಲಿ ಸ್ಥಾನ ಕೊಟ್ಟಿದೆ. ಗೋಡೆಗೆ ಸುಣ್ಣ, ಅಡುಗೆಗೆ ಸಾಮಾನು ಇವಷ್ಟೇ ಅದರ ಚಿಂತೆಯಾಗಬಾರದು. ಮೂರು ದಿನ ಬಾರದ ಮಗುವಿನ ಮನೆಗೆ ಯಾರು ಹೋಗಬೇಕು? ಕಬ್ಬಿನ ಗುಡಿಸಲಿನ ಕೂಸನ್ನು ಹತ್ತಿರದ ಶಾಲೆಗೆ ಯಾರು ಕರೆತರಬೇಕು? ಅಣ್ಣನ ಕಂಡಿಕೆ ಸುತ್ತುವ ತಂಗಿಗೆ ಓದಲು ಸಂಜೆ ಒಂದು ತಾಸು ಯಾರು ಬಿಡಿಸಿಕೊಡಬೇಕು? ಇವು ಹಣದಿಂದ ತೀರುವ ಕೆಲಸಗಳಲ್ಲ. ಓಣಿಯ ಹಿರಿಯರ ಒಂದು ಮಾತಿನಿಂದ ಆಗುವಂಥವು.

ಪಟ್ಟಣ ಸೇರಿದ ಎಷ್ಟೋ ಕುಟುಂಬಗಳಿಗೆ ಈ ಊರುಗಳಲ್ಲಿ ಇಂದಿಗೂ ಮನೆಯಿದೆ, ನಂಟಿದೆ. ಜಾತ್ರೆಗೆಂದು ಹೋದಾಗ ಗುಡಿಯೊಡನೆ ಶಾಲೆಯ ಬಾಗಿಲನ್ನೂ ಒಮ್ಮೆ ಹೊಕ್ಕು, ಈ ವರ್ಷ ಯಾವ ಮಗು ಬಿಟ್ಟುಹೋಯಿತೆಂದು ಕೇಳಿದರೆ, ಅದು ಸಣ್ಣ ಸೇವೆಯಲ್ಲ.